ಹುಲ್ಲಿನ ಗಾಡಿಗೆ ಸಿಕ್ಕ ಚೀಟಿ ನಮಗೆ ಯಾಕಿಲ್ಲ?

ಹುಲ್ಲಿನ ಬಗ್ಗೆ ಬರೆಯಲು ಮುಂಬಯಿಯವನಿಗೆ ಏನು ಅಧಿಕಾರ ಎಂದು ನೀವು ಕೇಳಿದರೆ ತಪ್ಪಿಲ್ಲ. ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ 'ಗಾರ್ಡನ್' ಅಂತ ಕರೆಸಿಕೊಳ್ಳುವ ಜಾಗ ಎರಡು ಚಾದರ ಹಾಸಿದರೆ ಮುಗಿಯುತ್ತದೆ. ಮಾಳಿ ವಾರಕ್ಕೊಮ್ಮೆ ಬಂದು ಕತ್ತರಿ ಆಡಿಸಿ ಹೋಗುತ್ತಾನೆ, ಅವನ ಬಿಲ್ಲಿನ ಮೇಲೆ ಜನರಲ್ ಬಾಡಿ ಮೀಟಿಂಗಿನಲ್ಲಿ ಅರ್ಧ ಗಂಟೆ ಜಗಳವಾಗುತ್ತದೆ. ಅಷ್ಟೇ ನಮ್ಮ ಹುಲ್ಲು. ಆದರೆ ನನ್ನ ತಮ್ಮ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮುಕ್ಕಾಲು ಎಕರೆ ಹುಲ್ಲಿನ ಯಜಮಾನ. ಅಣ್ಣ ಪುತ್ತೂರಿನ ಹತ್ತಿರ ಮೂರು ಎಕರೆ ಅಡಿಕೆ ತೋಟದ ಯಜಮಾನ. ನಡುವಿನವನಾದ ನಾನು ಬಿಕಾಂ ಮಾಡಿ ಬ್ಯಾಂಕು ಸೇರಿದವನು, ಕ್ಯಾಲ್ಕ್ಯುಲೇಟರಿಗಿಂತ ದೊಡ್ಡ ಯಂತ್ರದ ಸಹವಾಸ ಇಲ್ಲ.

2025ರ ಮೇ ಕೊನೆಯಿಂದ ಆರು ವಾರ ರಜೆ ಹಾಕಿ ತಮ್ಮನ ಮನೆಯಲ್ಲಿದ್ದೆ. ಅಲ್ಲಿ ಅವನ ಹುಲ್ಲು ಕತ್ತರಿಸುವ ಗಾಡಿ ಕೆಡುವುದನ್ನೂ ರಿಪೇರಿಯಾಗುವುದನ್ನೂ ಕೂತು ನೋಡಿದೆ. ಅದೇ ಹೊತ್ತಿಗೆ ಊರಿನಲ್ಲಿ ಅಣ್ಣನ ಮದ್ದು ಬಿಡುವ ಪಂಪು ಕೈಕೊಟ್ಟಿತು. ಎರಡೂ ಪೆಟ್ರೋಲ್ ಎಂಜಿನ್ನೇ, ಎರಡಕ್ಕೂ ಬಂದ ಕಾಯಿಲೆ ಹೆಚ್ಚುಕಡಿಮೆ ಒಂದೇ. ಆದರೆ ಒಂದು ದೇಶದಲ್ಲಿ ಪೆಟ್ರೋಲ್ ಪಂಪಿನ ಮೈಮೇಲೆಯೇ ಎಚ್ಚರಿಕೆ ಬರೆದಿದೆ, ಇನ್ನೊಂದರಲ್ಲಿ ಕೇಳಿದವನನ್ನೇ ಅನುಮಾನದಿಂದ ನೋಡುತ್ತಾರೆ. ಇವತ್ತು ಬರೆಯುತ್ತಿರುವುದು ಅದರ ಬಗ್ಗೆ.

ಮೊದಲು ಗಾಡಿಯ ಕಥೆ ಹೇಳಿಬಿಡುತ್ತೇನೆ. ಅಮೆರಿಕಕ್ಕೆ ಹೋಗಿ ಬಂದ ಅಪ್ಪ ಅಮ್ಮಂದಿರೆಲ್ಲ ಇದನ್ನು ನೋಡಿರುತ್ತೀರಿ. ಪುಟ್ಟ ಟ್ರ್ಯಾಕ್ಟರಿನ ಹಾಗೆ ಇರುತ್ತದೆ, ಸೀಟು, ಸ್ಟೀರಿಂಗು, ನಾಲ್ಕು ಚಕ್ರ. ಹೊಟ್ಟೆಯ ಕೆಳಗೆ ಬೋರಲು ಹಾಕಿದ ಬಾಣಲೆಯಂಥ ತಗಡಿನ ಡೆಕ್ಕು, ಅದರೊಳಗೆ ಎರಡೋ ಮೂರೋ ಬ್ಲೇಡು. ತಮ್ಮನದು 42 ಇಂಚಿನದು, ಅಂದರೆ ಒಂದು ಸಲ ಹೋದರೆ ಅಷ್ಟು ಅಗಲ ಕತ್ತರಿಸುತ್ತದೆ. (ಹುಲ್ಲು ಕತ್ತರಿಸುವ ಯಂತ್ರದ ಮೂಲಪುರುಷ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬವನು, 1830ರಲ್ಲಿ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗು ಸವರುವ ಯಂತ್ರ ನೋಡಿ ಅವನಿಗೆ ಈ ಉಪಾಯ ಹೊಳೆಯಿತಂತೆ. ಗಿರಣಿಗಳ ಊರಿನಲ್ಲಿ ಮೂವತ್ತು ವರ್ಷ ಕಳೆದ ನನಗೆ ಇದು ಯಾಕೋ ಹಿಡಿಸಿತು.)

ಅಲ್ಲಿ ಹುಲ್ಲು ಬೆಳೆಸುವುದು ಹವ್ಯಾಸ ಅಂತ ನಾನು ತಿಳಿದಿದ್ದೆ. ಹಾಗಲ್ಲ, ಅದೊಂದು ಕಡ್ಡಾಯ. ಬಡಾವಣೆಯ ಸಂಘದ ನಿಯಮಕ್ಕಿಂತ ಉದ್ದ ಬೆಳೆದರೆ ಮನೆಗೆ ಕಾಗದ ಬರುತ್ತದೆ. ಜೂನ್ ತಿಂಗಳಲ್ಲಿ ಎರಡು ಮಳೆ ಬಿದ್ದರೆ ವಾರದೊಳಗೆ ಮತ್ತೆ ಕತ್ತರಿಸಬೇಕು. ಗಾಡಿ ಕೆಟ್ಟರೆ ರಿಪೇರಿಯವನು ಬಂದು ಒಯ್ಯುವುದಕ್ಕೇ ಒಂದು ಚಾರ್ಜು, ಮುಟ್ಟುವುದಕ್ಕೆ ಇನ್ನೊಂದು ಚಾರ್ಜು, ಸರದಿ ಎರಡು ವಾರ. ಹಾಗಾಗಿ ಸಾಫ್ಟ್‌ವೇರಿನವನಾದ ನನ್ನ ತಮ್ಮನೂ ಶನಿವಾರ ಮೈಯೆಲ್ಲ ಗ್ರೀಸು ಮಾಡಿಕೊಂಡು ಗಾಡಿಯ ಕೆಳಗೆ ಮಲಗಿರುತ್ತಾನೆ. ಊರಲ್ಲಿ ಸೈಕಲ್ ಪಂಚರಿಗೂ ಅಂಗಡಿಗೆ ಓಡುತ್ತಿದ್ದವನು ಇವನೇನಾ ಅನ್ನಿಸಿತು.

ಮೊದಲ ದಿನ ನನಗೂ ಓಡಿಸಲು ಕೊಟ್ಟ. ಕೀ ತಿರುಗಿಸಿದರೆ ಉಸಿರೇ ಇಲ್ಲ. ತಮ್ಮ ನಕ್ಕ. ಆ ಗಾಡಿಗೆ ಮೂರು ನಾಲ್ಕು ಸುರಕ್ಷತಾ ಸ್ವಿಚ್ಚುಗಳಿವೆ. ಬ್ರೇಕ್ ಪೆಡಲ್ ಒತ್ತಿರಬೇಕು, ಬ್ಲೇಡಿನ ಸ್ವಿಚ್ ಆಫ್ ಆಗಿರಬೇಕು. ಬ್ಲೇಡು ತಿರುಗುತ್ತಿರುವಾಗ ಸೀಟಿನಿಂದ ಎದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ನಮ್ಮ ಸ್ಟ್ರಾಂಗ್ ರೂಮಿನ ಜಾಯಿಂಟ್ ಕಸ್ಟಡಿ ನೆನಪಾಯಿತು, ಇಬ್ಬರ ಕೀಲಿಯೂ ಸೇರದೆ ಬಾಗಿಲು ತೆರೆಯುವುದಿಲ್ಲ. ಸ್ಟಾರ್ಟ್ ಆಗದ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ರೋಗ ಇದೇ ಅಂತೆ, ಸೀಟಿನ ಕೆಳಗಿನ ವೈರು ಸಡಿಲ. ಇನ್ನು ಕೀ ತಿರುಗಿಸಿದಾಗ 'ಟಕ್' ಅಂತ ಒಂದೇ ಸದ್ದು ಬಂದು ಸುಮ್ಮನಾದರೆ ಬ್ಯಾಟರಿ, ಅದರ ತುದಿಗಳ ತುಕ್ಕು, ಇಲ್ಲವೇ ಸಾಲಿನಾಯ್ಡ್ ನೋಡಬೇಕು. ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇದೆಲ್ಲ ಪೆಟ್ರೋಲಿಗೆ ಸಂಬಂಧವಿಲ್ಲದ ಕಾಯಿಲೆಗಳು. ಮುಂದೆ ಪೆಟ್ರೋಲನ್ನು ಬೈಯುವವನಿದ್ದೇನೆ, ಅದಕ್ಕೇ ಇದನ್ನು ಮೊದಲೇ ಹೇಳಿದೆ.

ಎರಡನೆಯ ವಾರ ಗಾಡಿ ಹೊಸ ವರಸೆ ತೆಗೆಯಿತು. ಹದಿನೈದು ನಿಮಿಷ ಚೆನ್ನಾಗಿ ಓಡುತ್ತದೆ, ನಂತರ ಕೆಮ್ಮಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ತಮ್ಮ ಸ್ಪಾರ್ಕ್ ಪ್ಲಗ್ ಬದಲಿಸಿದ, ಏರ್ ಫಿಲ್ಟರ್ ಬದಲಿಸಿದ, ಫಲವಿಲ್ಲ. ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆಯ ಅಜ್ಜ ಒಬ್ಬರು ನಿಧಾನವಾಗಿ ನಡೆದು ಬಂದರು. ಎಪ್ಪತ್ತೈದು ದಾಟಿದವರು. ಗಾಡಿ ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದರು. 'ಫುಸ್' ಅಂತ ಗಾಳಿ ಒಳಗೆ ಹೋದ ಸದ್ದು. ಕೀ ತಿರುಗಿಸಿದರೆ ಎಂಜಿನ್ ಚಾಲೂ! ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ, ಅದು ಕಟ್ಟಿಕೊಂಡಿತ್ತು. ಪೆಟ್ರೋಲ್ ಇಳಿಯುತ್ತಾ ಹೋದಂತೆ ಟ್ಯಾಂಕಿನೊಳಗೆ ಗಾಳಿ ಸಾಲದೆ ಎಂಜಿನ್ನಿಗೆ ಪೆಟ್ರೋಲ್ ಬರುತ್ತಿರಲಿಲ್ಲ. ಹೊಸ ಮುಚ್ಚಳ ಹಾಕಿದರೆ ಮುಗಿಯಿತು.

ಆದರೆ ಅಜ್ಜ ಅಷ್ಟಕ್ಕೆ ಬಿಡಲಿಲ್ಲ. ಎಂಜಿನ್ನಿನ ಸದ್ದು ಏರುತ್ತಾ ಇಳಿಯುತ್ತಾ ಇದೆ, ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟಿದೆ ಎಂದರು. ಬಿಚ್ಚಿದರೆ ನಿಜ. ತಳದ ಬಟ್ಟಲಿನಲ್ಲಿ ಹಳದಿ ಬಣ್ಣದ ವಾರ್ನಿಷಿನಂಥ ಅಂಟು, ಜೆಟ್ಟಿನ ತೂತು ಅರ್ಧ ಮುಚ್ಚಿತ್ತು. ಚಳಿಗಾಲದ ಮೂರು ತಿಂಗಳು ಟ್ಯಾಂಕಿನಲ್ಲೇ ಉಳಿದ ಪೆಟ್ರೋಲಿನ ಕೆಲಸ. ಪೆಟ್ರೋಲ್ ಹಾಲಿನ ಹಾಗೆ, ಇಟ್ಟರೆ ಹಾಳಾಗುತ್ತದೆ ಅಂತ ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ತಿಂಗಳಿಗಿಂತ ಹೆಚ್ಚು ಇಡುವುದಾದರೆ ಸ್ಟೆಬಿಲೈಜರ್ ಎಂಬ ದ್ರವ ಬೆರೆಸಿ ಎಂದು ಎಂಜಿನ್ ಮಾಡುವವರೇ ಪುಸ್ತಕದಲ್ಲಿ ಬರೆದಿರುತ್ತಾರೆ. ಬೆರೆಸಿದ ಮೇಲೆ ಐದು ಹತ್ತು ನಿಮಿಷ ಎಂಜಿನ್ ಓಡಿಸಬೇಕು, ಆಗಲೇ ಅದು ಕಾರ್ಬ್ಯುರೇಟರಿಗೂ ತಲುಪುವುದು. ಇಲ್ಲವೇ ಟ್ಯಾಂಕು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

ಆ ಪುಸ್ತಕವನ್ನು ರಾತ್ರಿ ಕೂತು ಓದಿದೆ (ಬ್ಯಾಂಕಿನವರಿಗೆ ಸಣ್ಣ ಅಕ್ಷರ ಓದುವ ಚಟ). ಐವತ್ತು ಗಂಟೆಗೊಮ್ಮೆ ಆಯಿಲ್, ಬ್ಲೇಡು ಮೊಂಡಾದರೆ ಹುಲ್ಲು ಹರಿದು ತುದಿ ಒಣಗುತ್ತದೆ, ಟೈರಿನ ಗಾಳಿ ಹೆಚ್ಚುಕಡಿಮೆಯಾದರೆ ಹುಲ್ಲೂ ಏರುತಗ್ಗಾಗುತ್ತದೆ, ಹೀಗೆ ಒಂದೊಂದೇ. ಇಂಧನದ ಪುಟದಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು: ಶೇ. 10ರವರೆಗೆ ಎಥೆನಾಲ್ ಇರುವ ಪೆಟ್ರೋಲ್ ಆಗಬಹುದು, ಅದಕ್ಕಿಂತ ಹೆಚ್ಚು ಕೂಡದು. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಇರಲಿ, ಕೋಹ್ಲರ್ ಇರಲಿ, ಈ ಸಣ್ಣ ಎಂಜಿನ್ನುಗಳವರೆಲ್ಲ ಹೇಳುವುದು ಇದನ್ನೇ.

ಮಾರನೆಯ ದಿನ ಪೆಟ್ರೋಲ್ ತರಲು ತಮ್ಮನ ಜೊತೆ ಹೋದೆ. ಅಲ್ಲಿನ ಪಂಪಿನಲ್ಲಿ ಮಾಮೂಲಿ ಪೆಟ್ರೋಲ್ ಇತ್ತು, ಅದರಲ್ಲಿ ಶೇ. 10 ಎಥೆನಾಲ್. ಪಕ್ಕದಲ್ಲಿ 'ಅನ್‌ಲೆಡೆಡ್ 88' ಅಂತ ಇನ್ನೊಂದು, ಕೆಲವು ಸೆಂಟು ಅಗ್ಗ, ಅದರಲ್ಲಿ ಶೇ. 15. ಈ ಎರಡನೆಯದರ ಮೇಲೆ ಕಿತ್ತಳೆ ಮತ್ತು ಕಪ್ಪು ಬಣ್ಣದ ಚೀಟಿ. 2001 ಮತ್ತು ನಂತರದ ಮಾಡೆಲ್ ಕಾರುಗಳಿಗೆ ಮಾತ್ರ, ಬೇರೆ ವಾಹನ, ದೋಣಿ, ಪೆಟ್ರೋಲಿನ ಉಪಕರಣಗಳಿಗೆ ಹಾಕಬೇಡಿ, ಹಾನಿಯಾಗಬಹುದು, ಹಾಕುವುದು ಕೇಂದ್ರ ಕಾನೂನಿನ ಪ್ರಕಾರ ನಿಷಿದ್ಧ ಎಂಬ ಅರ್ಥದ ಮಾತು. ಇಷ್ಟು ಸಣ್ಣ ಚೀಟಿಯಲ್ಲಿ ಒಬ್ಬ ಗಿರಾಕಿಗೆ ಬೇಕಾದ್ದೆಲ್ಲ ಇದೆ. ಆ ಊರಿನ ಇನ್ನೊಂದು ಪಂಪಿನಲ್ಲಿ ಎಥೆನಾಲ್ ಇಲ್ಲದ ಪೆಟ್ರೋಲಿಗೆ ಬೇರೆಯೇ ನಳಿಕೆ ಇತ್ತು, ಬೆಲೆ ಜಾಸ್ತಿ. ಅಜ್ಜ ಅದನ್ನೇ ಹಾಕುವುದು. ಹಣ ಕೊಡುವವನು ಕೊಡುತ್ತಾನೆ, ಕೊಡದವನು ಮಾಮೂಲಿ ಹಾಕಿ ಸ್ಟೆಬಿಲೈಜರ್ ಬೆರೆಸುತ್ತಾನೆ. ನಿರ್ಧಾರ ಅವರವರದು, ಮಾಹಿತಿ ಮಾತ್ರ ಎಲ್ಲರದು.

ಅಮೆರಿಕವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಮುಕ್ಕಾಲು ಎಕರೆಯಲ್ಲಿ ತಿನ್ನಲು ಬಾರದ ಹುಲ್ಲು ಬೆಳೆದು, ಅದಕ್ಕೆ ನೀರು ಗೊಬ್ಬರ ಹಾಕಿ, ಬೆಳೆದದ್ದಕ್ಕೆ ಪೆಟ್ರೋಲ್ ಸುಟ್ಟು ಕತ್ತರಿಸುವ ಬದುಕಿನಲ್ಲಿ ನನಗೆ ಜಾಣತನ ಕಾಣಲಿಲ್ಲ. ಒಂದು ದನ ಕಟ್ಟಬಾರದಾ ಎಂದು ನಮ್ಮ ಮನೆಯವಳು ಕೇಳಿದ್ದಕ್ಕೆ ತಮ್ಮನ ಹೆಂಡತಿ ನಕ್ಕು ಸುಸ್ತಾದಳು. ಅಲ್ಲಿಯೂ ಈಗ ಬ್ಯಾಟರಿ ಗಾಡಿಗಳು ಬರುತ್ತಿವೆ, ಕ್ಯಾಲಿಫೋರ್ನಿಯಾದಲ್ಲಿ 2024ರ ಮಾಡೆಲ್‌ನಿಂದ ಹುಲ್ಲಿನ ಯಂತ್ರದಂಥ ಹೊಸ ಸಣ್ಣ ಎಂಜಿನ್ನುಗಳು ಹೊಗೆ ಉಗುಳಬಾರದು ಎಂಬ ನಿಯಮವೇ ಇದೆ. ನಾನು ಮೆಚ್ಚಿದ್ದು ಚೀಟಿಯನ್ನು ಮಾತ್ರ.

ಈಗ ಅಣ್ಣನ ವಿಷಯ.

ಕರಾವಳಿಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಎರಡು ಮಾತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಎಳೆಕಾಯಿ ಕೊಳೆತು ಬುಡಕ್ಕೆ ಉದುರುತ್ತದೆ. ಅದಕ್ಕೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಬೇಕು, ನಾವು 'ಮದ್ದು ಬಿಡುವುದು' ಅನ್ನುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೊದಲ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು. ಕಲಸಿದ ಮದ್ದು ಅದೇ ದಿನ ಮುಗಿಯಬೇಕು, ನಾಳೆಗೆ ಇಟ್ಟರೆ ಪ್ರಯೋಜನವಿಲ್ಲ. ಹಿಂದೆ ಕೈಪಂಪು ಜಗ್ಗುತ್ತಿದ್ದರು, ಈಗ ಪೆಟ್ರೋಲ್ ಎಂಜಿನ್ನಿನ ಪಂಪು. ಮರ ಹತ್ತುವವರು ಸಿಗುವುದು ಕಷ್ಟ, ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಿಂದಲೇ ಬಿಡುವವರೂ ತಿಂಗಳ ಮೊದಲೇ ಹೇಳಿದರೆ ಮಾತ್ರ ಬರುತ್ತಾರೆ.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ವಾಡಿಕೆಗಿಂತ ಒಂದು ವಾರ ಮೊದಲು. ನಮ್ಮ ಕಡೆಯೂ ಅದರ ಹಿಂದೆಯೇ ಹಿಡಿಯಿತು. ಮೊದಲ ಮದ್ದಿಗೆ ಅಣ್ಣನಿಗೆ ಸಮಯವೇ ಸಿಗಲಿಲ್ಲ. ಜೂನ್‌ನಲ್ಲಿ ಎರಡು ದಿನ ಮಳೆ ಹೊಳವಾಯಿತು. ಅವನು ಬೆಳಗ್ಗೆ ಬೇಗ ಎದ್ದು ಎರಡು ಡ್ರಮ್ಮು ಮದ್ದು ಕಲಸಿ, ಜನ ಬಂದು ನಿಂತ ಮೇಲೆ ಪಂಪಿನ ಹಗ್ಗ ಎಳೆದ. ಎಳೆದೇ ಎಳೆದ.

ಫೋನು ಬಂದಾಗ ಅವನಿಗೆ ಬೆಳಗ್ಗೆ ಎಂಟೂವರೆ, ನಮಗೆ ರಾತ್ರಿ ಹನ್ನೊಂದು. "ಎಂತದು ಮಾರಾಯ, ಪಂಪು ಸ್ಟಾರ್ಟೇ ಆಗುವುದಿಲ್ಲ. ಮದ್ದು ಕಲಸಿ ಆಗಿದೆ. ಜನ ಕೂತಿದ್ದಾರೆ. ತಮ್ಮ ಎದ್ದಿದ್ದಾನಾ?" ಇಂಜಿನಿಯರ್ ಎಂದರೆ ಅಣ್ಣನಿಗೆ ಎಲ್ಲ ಇಂಜಿನಿಯರೂ ಒಂದೇ. ತಮ್ಮ ವೀಡಿಯೋದಲ್ಲಿ ನೋಡಿ ಪ್ಲಗ್ ಬಿಚ್ಚಿಸಿದ, ಕಿಡಿ ಬರುತ್ತಿತ್ತು. ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿಸಿದ. ಫೋನಿನ ಪರದೆಯಲ್ಲೂ ಕಾಣುವಷ್ಟು ಹಸಿರು ಪಾಚಿಯಂಥ ಕಿಲುಬು, ತಳದಲ್ಲಿ ಅಂಟು. ಜೆಟ್ಟು ಪೂರ್ತಿ ಮುಚ್ಚಿತ್ತು. ಅಣ್ಣ ಕ್ಲಚ್ ಕೇಬಲ್ಲಿನ ಒಂದು ಎಳೆ ತೂರಿಸಿ ಪ್ರಯತ್ನಪಟ್ಟ, ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪೇಟೆಯ ಮೆಕ್ಯಾನಿಕ್ ಬಂದದ್ದು ಮೂರನೆಯ ದಿನ, ಅಷ್ಟು ಹೊತ್ತಿಗೆ ಮಳೆಯೂ ಬಂದಾಗಿತ್ತು. ಕಲಸಿದ ಮದ್ದು ಚೆಲ್ಲಿ ಹೋಯಿತು, ಜನರ ಸಂಬಳ ಕೊಡಲೇಬೇಕು. ಜುಲೈಯಲ್ಲಿ ಕೆಳಗಿನ ತೋಟಕ್ಕೆ ಕೊಳೆ ಬಿತ್ತು. ಅಣ್ಣ ಹೆಚ್ಚು ಮಾತಾಡುವವನಲ್ಲ. "ಈ ವರ್ಷ ಕೆಳಗಿನ ತೋಟದ್ದು ಲೆಕ್ಕಕ್ಕಿಲ್ಲ" ಅಂದ, ಅಷ್ಟೇ.

"ಈಗಿನ ಪೆಟ್ರೋಲೇ ಹಾಗೆ ಅಣ್ಣಾ, ಎಥೆನಾಲ್" ಅಂತ ಮೆಕ್ಯಾನಿಕ್ ತೀರ್ಪು ಕೊಟ್ಟನಂತೆ. ಇದು ಅರ್ಧ ಸತ್ಯ ಎಂಬುದು ನನ್ನ ಅಭಿಪ್ರಾಯ. ಆ ಪೆಟ್ರೋಲ್ ಹಿಂದಿನ ಸೆಪ್ಟೆಂಬರಿನಿಂದ ಟ್ಯಾಂಕಿನಲ್ಲಿತ್ತು. ಒಂಬತ್ತು ತಿಂಗಳಲ್ಲಿ ಶುದ್ಧ ಪೆಟ್ರೋಲೂ ಅಂಟಾಗುತ್ತದೆ. ಎಥೆನಾಲಿನದು ಉಳಿದರ್ಧ. ಅದು ತೇವವನ್ನು ಎಳೆದುಕೊಳ್ಳುವ ಗುಣದ್ದು, ಹಿತ್ತಾಳೆ, ಸತು, ಅಲ್ಯುಮಿನಿಯಂಗೆ ಅದರ ಜೊತೆಗಿನ ನೀರು ಆಗಿಬರುವುದಿಲ್ಲ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ನಮ್ಮ ಮಳೆಗಾಲದ ಕೊಟ್ಟಿಗೆಯಲ್ಲಿ ಅರ್ಧ ತುಂಬಿದ ಟ್ಯಾಂಕಿಗೆ ತೇವಕ್ಕೇನು ಬರ? ಇನ್ನೊಂದು ವಿಷಯವಿದೆ. ಹೊಸ ಕಾರುಗಳಲ್ಲಿ ಹೊಗೆಯನ್ನು ಮೂಸಿ ನೋಡುವ ಸೆನ್ಸರ್ ಇರುತ್ತದೆ, ಎಥೆನಾಲ್ ಹೆಚ್ಚಾದರೆ ಕಂಪ್ಯೂಟರ್ ತಾನೇ ಪೆಟ್ರೋಲ್ ಪ್ರಮಾಣ ಸರಿಮಾಡಿಕೊಳ್ಳುತ್ತದೆ. ಹುಲ್ಲಿನ ಗಾಡಿಗೂ ಅಣ್ಣನ ಪಂಪಿಗೂ ಆ ಬುದ್ಧಿಯಿಲ್ಲ, ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ. ಎಥೆನಾಲಿನೊಳಗೆ ಆಮ್ಲಜನಕ ಇರುವುದರಿಂದ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ ಆದಂತಾಗಿ ಎಂಜಿನ್ ಬಿಸಿಯಾಗಿ ಓಡುತ್ತದೆ. ಗಾಳಿಯಲ್ಲೇ ತಣಿಯಬೇಕಾದ ಎಂಜಿನ್ನಿಗೆ ಇದು ಸಣ್ಣ ವಿಷಯವಲ್ಲ.

ನಮ್ಮಲ್ಲಿ ಎಥೆನಾಲ್ ಹೊಸದೇನಲ್ಲ. 2003ರಲ್ಲೇ ಕೆಲವು ರಾಜ್ಯಗಳಲ್ಲಿ ಶೇ. 5 ಬೆರೆಸಲು ಶುರುಮಾಡಿದ್ದರು. 2022ರ ಜೂನ್‌ಗೆ ಶೇ. 10 ಮುಟ್ಟಿತು. ಶೇ. 20ರ ಗುರಿ ಮೊದಲು 2030ಕ್ಕೆ ಇತ್ತು, ಅದನ್ನು 2025-26ಕ್ಕೆ ಹಿಂದಕ್ಕೆ ತಂದರು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿನ ಬಿಡುಗಡೆಯಾಯಿತು, 2025ರಲ್ಲಿ ಗುರಿ ಮುಟ್ಟಿದೆವು ಎಂದು ಘೋಷಣೆಯೂ ಆಯಿತು.

ನೀತಿ ಆಯೋಗ 2021ರ ಜೂನ್‌ನಲ್ಲಿ ಇದಕ್ಕೊಂದು ಮಾರ್ಗಸೂಚಿ ವರದಿ ಕೊಟ್ಟಿತ್ತು. ಟೀಕೆ ಮಾಡುವವರೂ ಸಮರ್ಥಿಸುವವರೂ ಅದನ್ನು ಓದಿದರೆ ಒಳ್ಳೆಯದು. ಶುದ್ಧ ಪೆಟ್ರೋಲಿಗೆ ತಯಾರಾಗಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಮೈಲೇಜು ಶೇ. 6-7 ಇಳಿಯಬಹುದು, ದ್ವಿಚಕ್ರಗಳಲ್ಲಿ ಶೇ. 3-4, ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 1-2 ಎಂದು ಅದರಲ್ಲೇ ಇದೆ. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ ಇರುವಾಗ ಇದರಲ್ಲಿ ಆಶ್ಚರ್ಯವಿಲ್ಲ. ಆ ನಷ್ಟ ತುಂಬಲು ಬೆರಕೆ ಪೆಟ್ರೋಲಿನ ಬೆಲೆ ಕಡಿಮೆ ಇರಬೇಕು, ಹಳೆಯ ವಾಹನಗಳಿಗಾಗಿ ಇ10 ಪೆಟ್ರೋಲ್ ರಕ್ಷಣೆಯ ದರ್ಜೆಯಾಗಿ ಸಿಗುತ್ತಿರಬೇಕು ಎಂದೂ ಅದೇ ವರದಿ ಹೇಳಿತ್ತು. ಶೇ. 20 ಮಾತ್ರ ಜಾರಿಯಾಯಿತು, ಈ ಎರಡು ಮಾತು ಪುಟದಲ್ಲೇ ಉಳಿದವು. ಸಾಲದ ಪ್ರಪೋಸಲ್ಲಿನಲ್ಲಿ ಮಂಜೂರಾತಿಯ ಸಾಲನ್ನು ಓದಿ ಷರತ್ತಿನ ಪುಟ ಹರಿದರೆ ನಮ್ಮ ಇನ್‌ಸ್ಪೆಕ್ಷನ್ನಿನವರು ಬಿಡುತ್ತಾರೆಯೇ?

ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಬೇಕು, ಪಂಪಿನ ಮೇಲೆ ಪ್ರಮಾಣ ಬರೆಯಬೇಕು ಎಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಕೋರ್ಟಿನ ಮಾತಿಗೆ ನನ್ನ ತಕರಾರಿಲ್ಲ. ಆದರೆ ಕೋರ್ಟು ಕಡ್ಡಾಯ ಮಾಡಲಿಲ್ಲ ಎಂದರೆ ಬರೆಯಬಾರದು ಎಂದು ಅರ್ಥವಲ್ಲವಲ್ಲ? ಇದು ಆಡಳಿತದವರು ಒಂದು ಸುತ್ತೋಲೆಯಲ್ಲಿ ಮಾಡಬಹುದಾದ ಕೆಲಸ.

ಇಷ್ಟು ಹೇಳಿದ ಕೂಡಲೇ ಬೆಳಗಾವಿ ಕಡೆಯ ನನ್ನ ಸಹೋದ್ಯೋಗಿ ಮೈಮೇಲೆ ಬರುತ್ತಾರೆ. "ರೀ ಸಾಹೇಬ್ರ, ನಿಮ್ಮ ಅಡಿಕಿ ಪಂಪಿನ ಸಲುವಾಗಿ ನಮ್ಮ ಕಬ್ಬಿನ ಬಿಲ್ಲಿಗೆ ಕಲ್ಲು ಹಾಕಬ್ಯಾಡ್ರಿ." ಅವರ ಮಾತಿನಲ್ಲಿ ತೂಕವಿದೆ, ನಾನು ಅದನ್ನು ಕಂಡವನು. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಬಾಕಿ ಕೊಡದೆ ವರ್ಷಗಟ್ಟಲೆ ಎಳೆಯುತ್ತಿದ್ದ ಕಾಲದಲ್ಲಿ ರೈತನ ಬೆಳೆಸಾಲ ನಮ್ಮ ಪುಸ್ತಕದಲ್ಲಿ ಕೆಂಪಾಗಿ ಕೂರುತ್ತಿತ್ತು. 2018ರಿಂದ ಎಥೆನಾಲ್ ಘಟಕದ ಸಾಲಕ್ಕೆ ಕೇಂದ್ರ ಸರಕಾರ ಶೇ. 6ರಷ್ಟು ಅಥವಾ ಬಡ್ಡಿಯ ಅರ್ಧ, ಯಾವುದು ಕಡಿಮೆಯೋ ಅದನ್ನು ಐದು ವರ್ಷ ಭರಿಸುವ ಯೋಜನೆ ತಂದಿತು. ಆ ಮೇಲೆ ಎಷ್ಟೋ ಕಾರ್ಖಾನೆಗಳಿಗೆ ನಗದು ಬರುವ ದಾರಿ ಆಯಿತು. ಹೊರಗಿನಿಂದ ತರುವ ಕಚ್ಚಾತೈಲವೂ ಅಷ್ಟರಮಟ್ಟಿಗೆ ಉಳಿಯಿತು. ಎಥೆನಾಲ್ ಬೇಡ ಎಂದು ನಾನು ಹೇಳುತ್ತಿಲ್ಲ. ಬ್ರೆಜಿಲ್ 1975ರಿಂದ ಈ ದಾರಿಯಲ್ಲಿದೆ, 2025ರ ಆಗಸ್ಟಿನಿಂದ ಅಲ್ಲಿನ ಪೆಟ್ರೋಲಿನಲ್ಲಿ ಶೇ. 30 ಎಥೆನಾಲ್. ಆದರೆ ಅವರು ಅದಕ್ಕೆ ತಕ್ಕ ಎಂಜಿನ್ನುಗಳನ್ನು ಮಾಡಿಕೊಂಡು ಹೋದರು. ನಮ್ಮಲ್ಲಿ ಕಾರು ಬೈಕುಗಳ ಬಗ್ಗೆಯಾದರೂ ಚರ್ಚೆ ನಡೆಯಿತು, ಟಿವಿಯವರು ಮೈಲೇಜು ಅಳೆದರು. ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಅಂಗಡಿಯ ಪುಟ್ಟ ಜನರೇಟರ್, ಮೀನುಗಾರರ ಪೆಟ್ರೋಲ್ ಎಂಜಿನ್, ಇವುಗಳ ಹೆಸರನ್ನು ಯಾರೂ ಎತ್ತಿದ್ದು ನಾನು ಕೇಳಲಿಲ್ಲ. ವರ್ಷದಲ್ಲಿ ಕೆಲವೇ ದಿನ ಓಡಿ ಉಳಿದ ದಿನ ಮೂಲೆಯಲ್ಲಿ ಕೂರುವ ಯಂತ್ರಗಳಿಗೇ ಈ ಪೆಟ್ರೋಲಿನ ತೊಂದರೆ ಹೆಚ್ಚು. ದಿನಾ ಓಡುವ ಸ್ಕೂಟರಿನ ಪೆಟ್ರೋಲ್ ವಾರದೊಳಗೆ ಖಾಲಿಯಾಗುತ್ತದೆ, ಅದಕ್ಕೆ ಹಳಸಲು ಪುರುಸೊತ್ತೆಲ್ಲಿ?

ನನ್ನ ಕಸುಬಿನ ಮಾತು ಹೇಳುತ್ತೇನೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಯಾವ ಸಾಮಾನ್ಯ ಗಿರಾಕಿಗೆ, ಸಣ್ಣ ಉದ್ಯಮಿಗೆ ಹೊಸ ಸಾಲ ಕೊಟ್ಟರೂ ಒಂದು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಬೇಕು. ಎಲ್ಲ ಖರ್ಚು ಸೇರಿ ವರ್ಷಕ್ಕೆ ನಿಜವಾದ ದರ ಎಷ್ಟು, ಯಾವ ಶುಲ್ಕ ಯಾವಾಗ, ಎಲ್ಲ ಒಂದು ಚೀಟಿಯಲ್ಲಿ, ಗಿರಾಕಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಬರೆಯದ ಶುಲ್ಕವನ್ನು ಅವನ ಒಪ್ಪಿಗೆಯಿಲ್ಲದೆ ವಸೂಲು ಮಾಡುವ ಹಾಗಿಲ್ಲ. ಆರಂಭದಲ್ಲಿ ನಮ್ಮವರೇ ಗೊಣಗಿದರು, ಇನ್ನೊಂದು ಕಾಗದ ಅಂತ. ಈಗ ಅಭ್ಯಾಸವಾಗಿದೆ. ಹತ್ತು ಸಾವಿರ ಸಾಲ ಪಡೆಯುವವನಿಗೆ ಇರುವ ಈ ಹಕ್ಕು, ಲೀಟರಿಗೆ ನೂರರ ಮೇಲೆ ಕೊಟ್ಟು ಪೆಟ್ರೋಲ್ ಹಾಕಿಸುವವನಿಗೆ ಯಾಕಿಲ್ಲ? ನಾನು ಸ್ಕೂಟರಿಗೆ ಹಾಕಿಸುವ ಪಂಪಿನಲ್ಲಿ 'ಇದರಲ್ಲಿ ಎಥೆನಾಲ್ ಎಷ್ಟು' ಅಂತ ಮರಾಠಿಯಲ್ಲೂ ಹಿಂದಿಯಲ್ಲೂ ಕೇಳಿ ನೋಡಿದೆ. ಹುಡುಗ ಮ್ಯಾನೇಜರ್ ಕಡೆ ಬೆರಳು ತೋರಿಸಿದ, ಮ್ಯಾನೇಜರ್ ಮೇಲೆ ಬೆರಳು ತೋರಿಸಿದರು. ಮೇಲೆ ಫ್ಯಾನು ತಿರುಗುತ್ತಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಪಂಪಿನ ಮೇಲೆ ಪ್ರಮಾಣ ಬರೆಯಲಿ, ಆಯಾ ರಾಜ್ಯದ ಭಾಷೆಯಲ್ಲಿ. ಯಾವ ಯಂತ್ರಕ್ಕೆ ಆಗದು ಎಂಬುದನ್ನೂ ಬರೆಯಲಿ. ತಾಲೂಕಿಗೆ ಒಂದೆರಡು ಪಂಪಿನಲ್ಲಾದರೂ ಇ10 ಸಿಗಲಿ, ಎರಡು ರೂಪಾಯಿ ಹೆಚ್ಚಾದರೂ ಅಡಿಕೆ, ಕಾಫಿ, ಕಾಳುಮೆಣಸಿನವರು ಕೊಡುತ್ತಾರೆ. ಸ್ಪ್ರೇಯರ್ ಮಾರುವ ಕಂಪೆನಿಗಳು ತಮ್ಮ ಯಂತ್ರ ಎಷ್ಟು ಎಥೆನಾಲ್ ತಡೆಯುತ್ತದೆ ಅಂತ ಟ್ಯಾಂಕಿನ ಮುಚ್ಚಳದ ಮೇಲೆಯೇ ಅಚ್ಚು ಹಾಕಲಿ. ಸಬ್ಸಿಡಿಯಲ್ಲಿ ಯಂತ್ರ ಕೊಡುವ ಇಲಾಖೆಗಳು ಇದನ್ನೊಂದು ಷರತ್ತಾಗಿ ಸೇರಿಸಿದರೆ ಒಂದೇ ವರ್ಷದಲ್ಲಿ ಆಗುವ ಕೆಲಸ.

ಅಲ್ಲಿಯವರೆಗೆ ಊರಿನಲ್ಲಿ ತೋಟ ಇರುವವರು, ಅಣ್ಣ ತಮ್ಮಂದಿರಿಗೆ ಫೋನಿನಲ್ಲಿ ಹೇಳಬಹುದಾದ್ದು ಇಷ್ಟು. ಕೆಲಸಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಋತು ಮುಗಿದ ದಿನವೇ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ತೆಗೆಯಿರಿ. ಮದ್ದು ಕಲಸುವುದಕ್ಕೆ ಒಂದು ವಾರ ಮೊದಲೇ ಪಂಪು ಒಮ್ಮೆ ಸ್ಟಾರ್ಟ್ ಮಾಡಿ ನೋಡಿ, ಕಲಸಿದ ಮೇಲೆ ಅಲ್ಲ. ಪೆಟ್ರೋಲ್ ಪೈಪು ಮೆತ್ತಗಾಗಿದ್ದರೆ ಬದಲಿಸಿ. ಕಳೆ ಕತ್ತರಿಸುವ ಎರಡು ಸ್ಟ್ರೋಕಿನ ಯಂತ್ರ ಇದ್ದರೆ ಇನ್ನೂ ಜಾಗ್ರತೆ ಬೇಕು. ಅದಕ್ಕೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ. ನೀರು ಹೆಚ್ಚಾಗಿ ಎಥೆನಾಲ್ ಅದರ ಜೊತೆ ಬೇರ್ಪಟ್ಟು ತಳಕ್ಕೆ ಇಳಿದರೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೈಪು ಹೀರುವುದು ತಳದಿಂದ. ಆಯಿಲಿಲ್ಲದೆ ಓಡಿದ ಎಂಜಿನ್ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ. ಶೇ. 10ಕ್ಕಿಂತ ಶೇ. 20ರ ಪೆಟ್ರೋಲ್ ಹೆಚ್ಚು ನೀರನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಆದ್ದರಿಂದ ಬರೀ ಗಾಳಿಯ ತೇವಕ್ಕೆ ಬೇರ್ಪಡುವುದು ಸುಲಭವಲ್ಲ. ಆದರೆ ಮಳೆಗೆ ಇಟ್ಟ ಕ್ಯಾನಿನ ಮುಚ್ಚಳ ಸಡಿಲವಿದ್ದರೆ ಆ ಭರವಸೆ ಇಟ್ಟುಕೊಳ್ಳಬೇಡಿ. ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು ಬೆಳಕಿಗೆ ಹಿಡಿದರೆ ಎರಡು ಪದರ ಕಾಣುತ್ತದೆ.

ಅಣ್ಣ ಈಗ ಪೆಟ್ರೋಲ್ ಕ್ಯಾನಿನ ಮೇಲೆ ಸುಣ್ಣದಲ್ಲಿ ತಾರೀಕು ಬರೆಯುತ್ತಾನೆ. ಚೀಟಿ ಅಂಟಿಸಿದ ಪಂಪು ನಿಮ್ಮ ಊರಿನಲ್ಲಿ, ಚೆನ್ನೈ, ಹೈದರಾಬಾದ್, ಪುಣೆ ಎಲ್ಲೇ ಆಗಲಿ, ಕಂಡವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಅದರಲ್ಲಿ ಏನು ಬರೆದಿದೆ, ಯಾವ ಭಾಷೆಯಲ್ಲಿ ಎಂಬುದನ್ನೂ.